ಮರದ ನೆತ್ತಿಯಲ್ಲಿ ತಂತಿಯ ಹಾದಿ

ಕಾಡನ್ನು ಕಂಡವರು ಬಹು ಮಂದಿ. ಕಾಡಿನ ನೆತ್ತಿಯನ್ನು ಕಂಡವರು ಬಹು ವಿರಳ. ಮರದ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದವನಿಗೆ ಕಾಣುವುದು ಕಂಬದಂಥ ಕಾಂಡ, ಅದರ ಆಚೆಗೆ ಹಸುರಿನದೊಂದು ಮಬ್ಬು. ಎಲೆ ಬಿಸಿಲನ್ನುಣ್ಣುವುದು, ಹೂವು ಕಾಯಿಯಾಗುವುದು, ಹಕ್ಕಿ ಗೂಡು ಕಟ್ಟುವುದು, ಮಳೆಯ ಮೊದಲ ಹನಿ ಬೀಳುವುದು, ಹೀಗೆ ಮರದ ಬಾಳಿನ ಮುಖ್ಯ ವ್ಯವಹಾರವೆಲ್ಲ ನಡೆಯುವುದು ಮೇಲೆ, ಮನುಷ್ಯನ ಕೈಗೂ ಕಣ್ಣಿಗೂ ಎಟುಕದ ಎತ್ತರದಲ್ಲಿ. ಮಂಗನಿಗೂ ಅಳಿಲಿಗೂ ಹುಟ್ಟಿನಿಂದಲೇ ದೊರೆತ ಆ ಲೋಕ ಮನುಷ್ಯನಿಗೆ ಬಹುಕಾಲದವರೆಗೆ ದೊರೆಯುತ್ತಿದ್ದುದು ಒಂದೇ ಬಗೆಯಲ್ಲಿ: ಮರವನ್ನು ಕಡಿದು ಕೆಡವಿದ ಮೇಲೆ!

ಮರವನ್ನು ಕೆಡವದೆಯೇ ಅದರ ನೆತ್ತಿಗೇರಿ, ಅಲ್ಲಿಂದ ಮತ್ತೊಂದು ಮರದ ನೆತ್ತಿಗೆ ಉಕ್ಕಿನ ತಂತಿಯ ಮೇಲೆ ಜಾರಿ ಹೋಗುವ ಉಪಾಯವೊಂದು ಈಗ ಪ್ರಪಂಚದ ಹಲವೆಡೆ ಬಳಕೆಗೆ ಬಂದಿದೆ. ಅದಕ್ಕೆ ‘ಜಿಪ್ ಲೈನ್’ ಎಂದು ಹೆಸರು. ನಮ್ಮ ಮಾತಿನಲ್ಲಿ ‘ಜಾರುತಂತಿ’ ಎನ್ನಬಹುದು. ಇದು ಕೇವಲ ಸರ್ಕಸ್ಸಿನ ಕಸರತ್ತಲ್ಲ. ಶಾಲೆಯ ಮಕ್ಕಳಿಂದ ಹಿಡಿದು ಮೊಮ್ಮಕ್ಕಳನ್ನು ಕಂಡ ಅಜ್ಜಿಯರವರೆಗೆ ಎಲ್ಲರೂ ಈ ತಂತಿಯ ಮೇಲೆ ಪಯಣಿಸುತ್ತಾರೆ. ಅಂಥ ತಾಣಗಳಲ್ಲಿ ತುಂಬ ಸ್ವಾರಸ್ಯಕರವಾದುದೊಂದು ಉತ್ತರ ಅಮೆರಿಕದ ವಾಯವ್ಯ ಕರಾವಳಿಯಲ್ಲಿದೆ. ಅಲ್ಲಿ ತಂತಿಯ ಕಥೆಯೊಡನೆ ಒಂದು ಊರಿನ ಅನ್ನದ ಕಥೆಯೂ ಹೆಣೆದುಕೊಂಡಿದೆ.

ಮಳೆಯ ನಾಡು, ಮರದ ಬೀಡು

ಅಲಾಸ್ಕ ಎಂದೊಡನೆ ಮನಸ್ಸಿಗೆ ಬರುವುದು ಹಿಮ, ನೀರ್ಗಲ್ಲು, ನಾಯಿ ಹೂಡಿದ ಜಾರುಬಂಡಿ. ಆದರೆ ಅಲಾಸ್ಕದ ಆಗ್ನೇಯ ಭಾಗ ಈ ಚಿತ್ರಕ್ಕೆ ಹೊಂದುವುದಿಲ್ಲ. ಕೆನಡಾದ ಬೆಟ್ಟಗಳಿಗೂ ಪೆಸಿಫಿಕ್ ಸಾಗರಕ್ಕೂ ನಡುವೆ ಸೆರಗಿನಂತೆ ಇಳಿಬಿದ್ದಿರುವ ಈ ನಾಡು ದ್ವೀಪಗಳ ನಾಡು, ಮಂಜಿನ ನಾಡು, ಎಲ್ಲಕ್ಕೂ ಮಿಗಿಲಾಗಿ ಮಳೆಯ ನಾಡು. ಇಲ್ಲಿ ಹಬ್ಬಿರುವ ಟಾಂಗಸ್ ಅರಣ್ಯ ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಷ್ಟ್ರೀಯ ಅರಣ್ಯಗಳಲ್ಲೆಲ್ಲ ದೊಡ್ಡದು. 1907ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಕಾಲದಲ್ಲಿ ರಕ್ಷಿತವಾದ ಈ ಅರಣ್ಯದ ಇಂದಿನ ವಿಸ್ತಾರ ಸುಮಾರು 1 ಕೋಟಿ 67 ಲಕ್ಷ ಎಕರೆ. ಎಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು.

ಈ ನಾಡಿನ ತೆಂಕಣ ತುದಿಯಲ್ಲಿ, ಬೆಟ್ಟಕ್ಕೂ ಕಡಲಿಗೂ ನಡುವಿನ ಕಿರಿದಾದ ಅಂಚಿನಲ್ಲಿ ನೀಳವಾಗಿ ಚಾಚಿಕೊಂಡಿರುವ ಪುಟ್ಟ ಪಟ್ಟಣ ಕೆಚಿಕಾನ್. 2020ರ ಜನಗಣತಿಯ ಪ್ರಕಾರ ಅದರ ಜನಸಂಖ್ಯೆ ಎಂಟು ಸಾವಿರವನ್ನು ಸ್ವಲ್ಪ ಮೀರಿದ್ದಿತು. ಇಲ್ಲಿ ವರ್ಷಕ್ಕೆ ಸರಾಸರಿ 140 ಅಂಗುಲಗಳಿಗೂ ಮಿಕ್ಕಿ ಮಳೆ ಬೀಳುತ್ತದೆ. 1949ರಲ್ಲಿ 202 ಅಂಗುಲ ಸುರಿದು ದಾಖಲೆಯಾಯಿತು. ಆಗುಂಬೆಯನ್ನು ಬಲ್ಲವರಿಗೆ ಇದು ಅಷ್ಟು ಅಚ್ಚರಿಯಲ್ಲ. ಅಲ್ಲಿನ ಮಳೆಯ ಅರ್ಧದಷ್ಟು ಮಾತ್ರ. ಆದರೆ ಆಗುಂಬೆಯ ಮಳೆ ಕೆಲವೇ ತಿಂಗಳುಗಳಲ್ಲಿ ಧೋ ಎಂದು ಸುರಿದು ಮುಗಿಯುವಂಥದು. ಕೆಚಿಕಾನಿನ ಮಳೆಯಾದರೋ ವರ್ಷವಿಡೀ ಜಿನುಗುವಂಥದು. ಊರಿನವರು ಅದನ್ನು ‘ದ್ರವರೂಪದ ಬಿಸಿಲು’ ಎಂದು ಕರೆದು ನಗುತ್ತಾರೆ. ನಗದೆ ಮಾಡುವುದೇನು!

ಈ ತಣ್ಣನೆಯ ನಿತ್ಯವೃಷ್ಟಿಯೇ ಅಲ್ಲಿನ ಕಾಡಿನ ತಾಯಿ. ಸಿಟ್ಕಾ ಸ್ಪ್ರೂಸ್, ಹೆಮ್ಲಾಕ್, ಕೆಂಪು ಸೀಡರ್ ಮೊದಲಾದ ಸೂಜಿಯೆಲೆಯ ಮರಗಳು ನೂರು, ನೂರೈವತ್ತು, ಕೆಲವೊಮ್ಮೆ ಇನ್ನೂರು ಅಡಿಗಳವರೆಗೂ ಬೆಳೆದು ನಿಂತಿವೆ. ಕೊಂಬೆಕೊಂಬೆಗೂ ಹಾವಸೆಯ ದಪ್ಪ ಹೊದಿಕೆ. ಅದರ ಮೇಲಿಂದ ಗಡ್ಡದಂತೆ ಜೋತ ಕಲ್ಲುಹೂವು. ನಮ್ಮ ಅಡಿಗೆಮನೆಯ ಮಸಾಲೆ ಡಬ್ಬಿಯಲ್ಲಿರುತ್ತದಲ್ಲ, ಅದರದೇ ಬಳಗ. ಮಲೆನಾಡಿನ ಕಾಡಿನಂತೆ ಇಲ್ಲಿ ನೂರಾರು ಜಾತಿಯ ಮರಗಳಿಲ್ಲ. ಕೆಲವೇ ಜಾತಿಗಳು, ಆದರೆ ಒಂದೊಂದು ಮರವೂ ದೇವಸ್ಥಾನದ ಧ್ವಜಸ್ತಂಭದಂತೆ ಗಂಭೀರ.

ಒಂದು ಹೆಜ್ಜೆ, ಗಾಳಿಯಲ್ಲಿ

ಕೆಚಿಕಾನಿನ ದಕ್ಷಿಣಕ್ಕೆ ಹೆರಿಂಗ್ ಕೋವ್ ಎಂಬ ಪುಟ್ಟ ಖಾರಿಯಿದೆ. ಅಲ್ಲಿಗೆ ಬಂದು ಸೇರುವ ಹೊಳೆಯ ಇಕ್ಕೆಲದ ಕಾಡಿನಲ್ಲಿ ಜಾರುತಂತಿಯ ಪ್ರವಾಸಗಳು ನಡೆಯುತ್ತವೆ. ಹಡಗಿನಿಂದಿಳಿದ ಪ್ರವಾಸಿಗಳು ಎಂಟು ಹತ್ತು ಮಂದಿಯ ತಂಡವಾಗಿ ಬರುತ್ತಾರೆ. ಒಂದೊಂದು ತಂಡಕ್ಕೂ ಇಬ್ಬರು ಮಾರ್ಗದರ್ಶಿಗಳು. ಒಬ್ಬರು ಮುಂದೆ, ಒಬ್ಬರು ಹಿಂದೆ. ಇವರು ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಮಾತಿನಲ್ಲಿ ವಿನೋದ, ಕೆಲಸದಲ್ಲಿ ಮಾತ್ರ ವೈದ್ಯರ ನಿಷ್ಠುರತೆ.

ಮೊದಲು ಪ್ರವಾಸಿಯನ್ನು ತೂಗುತ್ತಾರೆ. ತೀರ ಭಾರವಾದವರಿಗೂ ತೀರ ಹಗುರವಾದ ಮಕ್ಕಳಿಗೂ ಪ್ರವೇಶವಿಲ್ಲ. ಬಳಿಕ ತೊಡೆಗಳನ್ನೂ ಸೊಂಟವನ್ನೂ ಬಳಸುವ ಗಟ್ಟಿ ಪಟ್ಟಿಗಳ ಕವಚ, ತಲೆಗೆ ಶಿರಸ್ತ್ರಾಣ, ಕೈಗೆ ದಪ್ಪ ತೊಗಲಿನ ಕೈಚೀಲ. ಕವಚದಿಂದ ಎರಡು ತುಂಡು ಹಗ್ಗಗಳು ಹೊರಡುತ್ತವೆ. ಅವುಗಳ ತುದಿಗೆ ತಾನಾಗಿ ಬಿಚ್ಚಿಕೊಳ್ಳದಂಥ ಕೊಂಡಿಗಳು. ಮರದ ಮೇಲೆ ನಡೆಯುವ ವ್ಯವಹಾರಕ್ಕೆಲ್ಲ ಮೂಲವಾದ ಸೂತ್ರ ಒಂದೇ: ಒಂದು ಕೊಂಡಿಯನ್ನು ಬಿಚ್ಚುವ ಮೊದಲು ಇನ್ನೊಂದು ಬಿಗಿದಿರಲೇಬೇಕು. ನೆಲವನ್ನು ಬಿಟ್ಟ ಗಳಿಗೆಯಿಂದ ನೆಲವನ್ನು ಮುಟ್ಟುವ ಗಳಿಗೆಯವರೆಗೆ ಪ್ರವಾಸಿ ಯಾವುದಾದರೊಂದು ತಂತಿಗೆ ಬಂಧಿಯಾಗಿಯೇ ಇರುತ್ತಾನೆ. ಈ ಕೊಂಡಿಗಳನ್ನು ಮುಟ್ಟುವ ಅಧಿಕಾರ ಮಾರ್ಗದರ್ಶಿಗೆ ಮಾತ್ರ. ಹಡಗಿನಲ್ಲಿ ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಇಲ್ಲಿ ಅವನು ಕೈಕಟ್ಟಿ ನಿಲ್ಲಬೇಕು.

ಮೊದಲ ತಂತಿ ಗಿಡ್ಡದು, ನೆಲಕ್ಕೆ ಹತ್ತಿರದ್ದು. ಭಯ ಬಿಡಿಸುವುದಕ್ಕೆಂದೇ ಕಟ್ಟಿದ್ದು. ಅಲ್ಲಿಂದ ಮುಂದೆ ಅಟ್ಟಣೆಯಿಂದ ಅಟ್ಟಣೆಗೆ ಎತ್ತರ ಏರುತ್ತ ಹೋಗುತ್ತದೆ. ಒಂದು ಪ್ರವಾಸದಲ್ಲಿ ಸಾಮಾನ್ಯವಾಗಿ ಏಳೆಂಟು ತಂತಿಗಳು, ನಡುನಡುವೆ ಎರಡು ಮೂರು ತೂಗುಸೇತುವೆಗಳು. ಅಟ್ಟಣೆ ಎಂದರೆ ಮರದ ಕಾಂಡವನ್ನು ಬಳಸಿ ಕಟ್ಟಿದ ಹಲಗೆಯ ಜಗಲಿ. ಕೆಳಗೆ ನೂರಡಿ ಆಳದಲ್ಲಿ ಹೊಳೆ. ಮೇಲಿನವರಿಗೆ ಅದರ ನೀರು ಬೆಳ್ಳಿಯ ಎಳೆಯಷ್ಟು ಮಾತ್ರ ಕಾಣುತ್ತದೆ.

ಎಷ್ಟೇ ಧೈರ್ಯಶಾಲಿಗೂ ಕಠಿಣವಾದುದು ಅಟ್ಟಣೆಯ ಅಂಚಿನಿಂದ ಇಡುವ ಆ ಒಂದು ಹೆಜ್ಜೆ. ಬುದ್ಧಿ ‘ತಂತಿ ಗಟ್ಟಿಯಾಗಿದೆ’ ಎನ್ನುತ್ತದೆ, ಮೊಣಕಾಲು ಒಪ್ಪುವುದಿಲ್ಲ. ತಂದೆಯ ಮುಖ ಬಿಳಿಚಿಕೊಂಡು ನಿಂತಿರುವಾಗ ಹತ್ತು ವರ್ಷದ ಮಗಳು ಹೋ ಎಂದು ಕೂಗುತ್ತ ಹಾರಿಬಿಡುವ ದೃಶ್ಯ ಅಲ್ಲಿನ ಮಾರ್ಗದರ್ಶಿಗಳಿಗೆ ಹೊಸದಲ್ಲ. ಹೆಜ್ಜೆ ಇಟ್ಟ ಮರುಕ್ಷಣವೇ ಕವಚದ ಪಟ್ಟಿ ಬಿಗಿದು ದೇಹದ ಭಾರವನ್ನು ಹೊರುತ್ತದೆ. ರಾಟೆ ತಂತಿಯ ಮೇಲೆ ಝೇಂಕರಿಸುತ್ತದೆ; ಮರಗಳು ಇಬ್ಬದಿಗೂ ಸರಿದು ದಾರಿ ಕೊಡುತ್ತವೆ. ಅರೆ ನಿಮಿಷವೂ ಆಗುವುದಿಲ್ಲ, ಎದುರಿನ ಅಟ್ಟಣೆಯ ಮೇಲೆ ಚಾಚಿದ ಕೈಯೊಂದು ಪ್ರವಾಸಿಯನ್ನು ಹಿಡಿದು ನಿಲ್ಲಿಸುತ್ತದೆ. ಅಷ್ಟು ಹೊತ್ತಿಗೆ ಮೊಣಕಾಲಿಗೂ ಬುದ್ಧಿ ಬಂದಿರುತ್ತದೆ.

ತಂತಿಯ ಲೆಕ್ಕ

ಈ ಪಯಣಕ್ಕೆ ಯಂತ್ರವಿಲ್ಲ, ವಿದ್ಯುಚ್ಛಕ್ತಿಯಿಲ್ಲ; ಭೂಮಿಯ ಆಕರ್ಷಣೆಯೇ ಇದರ ಎತ್ತು, ಅದೇ ಬಂಡಿ. ಹೊರಡುವ ಮರದಲ್ಲಿ ತಂತಿಯ ಕಟ್ಟು ಸ್ವಲ್ಪ ಎತ್ತರ, ಸೇರುವ ಮರದಲ್ಲಿ ಸ್ವಲ್ಪ ತಗ್ಗು. ತಂತಿಯನ್ನು ಎಷ್ಟು ಬಿಗಿದರೂ ಅದು ನಡುವೆ ಜೋತುಬೀಳದೆ ಇರದು. ಈ ಜೋಲು ದೋಷವಲ್ಲ, ಗುಣ. ಪ್ರವಾಸಿ ಮೊದಲರ್ಧದಲ್ಲಿ ಇಳಿಜಾರಿನಲ್ಲಿ ವೇಗ ಪಡೆದು, ಕೊನೆಯಲ್ಲಿ ತಂತಿ ಮತ್ತೆ ಮೇಲಕ್ಕೇರುವಾಗ ತಾನಾಗಿ ನಿಧಾನವಾಗುತ್ತಾನೆ. ಉಳಿದ ವೇಗವನ್ನು ಕೈಚೀಲದ ಒತ್ತಡದಿಂದಲೋ ಎದುರಿನ ಮಾರ್ಗದರ್ಶಿಯ ತಡೆಹಗ್ಗದಿಂದಲೋ ತಗ್ಗಿಸುತ್ತಾರೆ. ತೂಕದವರು ಗಾಳಿಯನ್ನು ಸೀಳಿ ವೇಗವಾಗಿ ಬರುತ್ತಾರೆ. ಹಗುರದವರು ಕೆಲವೊಮ್ಮೆ ಅಟ್ಟಣೆಗೆ ನಾಲ್ಕು ಮಾರು ದೂರದಲ್ಲಿ ನಿಂತುಬಿಡುತ್ತಾರೆ. ಆಗ ಹಿಂದಕ್ಕೆ ತಿರುಗಿ, ಬಾವಿಯ ಹಗ್ಗ ಸೇದುವಂತೆ ಕೈ ಮೇಲೆ ಕೈ ಹಾಕಿ ತಂತಿಯನ್ನು ಎಳೆದುಕೊಳ್ಳುತ್ತ ಬರಬೇಕು. ತೂಕಕ್ಕೆ ಮಿತಿಯಿಡುವ ಗುಟ್ಟು ಇದೇ.

ಎಂಬತ್ತು ಕಿಲೋ ತೂಕದ ಮನುಷ್ಯ ನೇತಾಡಿದರೆ ತಂತಿಯ ಮೇಲೆ ಎಂಬತ್ತು ಕಿಲೋದಷ್ಟೇ ಸೆಳೆತ ಬೀಳುವುದೆಂದು ಹಲವರ ಊಹೆ. ಅದು ಸರಿಯಲ್ಲ. ಮನುಷ್ಯ ತಂತಿಯ ನಡುಮಧ್ಯದಲ್ಲಿದ್ದಾಗ ಅದು ತನ್ನ ಉದ್ದದ ಇಪ್ಪತ್ತರಲ್ಲೊಂದು ಪಾಲು ಜೋತಿದೆ ಎಂದುಕೊಂಡರೆ, ಅವನ ಭಾರದಿಂದಾಗುವ ಸೆಳೆತ ಅವನ ತೂಕದ ಸುಮಾರು ಐದು ಪಟ್ಟು. ಎಂದರೆ ನಾನೂರು ಕಿಲೋ! ತಂತಿಯನ್ನು ಇನ್ನೂ ಬಿಗಿದರೆ ಸೆಳೆತ ಇನ್ನೂ ಹೆಚ್ಚುತ್ತದೆ. ಬಟ್ಟೆ ಒಣಗಿಸುವ ಹಗ್ಗವನ್ನು ತೀರ ಬಿಗಿಯಾಗಿ ಕಟ್ಟಿದರೆ ಒಂದೇ ಒದ್ದೆ ಸೀರೆಗೆ ಮೊಳೆ ಕಿತ್ತುಬರುವುದನ್ನು ಕಂಡ ಗೃಹಿಣಿಯರಿಗೆ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ.

ಇಷ್ಟು ಸೆಳೆತವನ್ನು ಹೊರುವುದು ಯಾರು? ಮರ. ಆದ್ದರಿಂದಲೇ ತಂತಿಯ ಎದುರು ದಿಕ್ಕಿಗೆ ಮರದಿಂದ ಬೇರೆ ತಂತಿಗಳನ್ನು ಎಳೆದು ನೆಲಕ್ಕೋ ಬೇರೆ ಮರಕ್ಕೋ ಬಿಗಿದು ಸಮತೋಲ ಮಾಡುತ್ತಾರೆ. ಇನ್ನೊಂದು ಸೂಕ್ಷ್ಮವೂ ಉಂಟು. ಮರದ ಜೀವ ಇರುವುದು ತಿರುಳಿನಲ್ಲಲ್ಲ, ತೊಗಟೆಯ ಕೆಳಗಿನ ತೆಳುವಾದ ಪದರದಲ್ಲಿ. ತಂತಿಯನ್ನು ಕಾಂಡದ ಸುತ್ತ ಸುಮ್ಮನೆ ಬಿಗಿದರೆ, ಮರ ದಪ್ಪವಾಗುತ್ತ ಹೋದಂತೆ ಆ ಪದರ ಕತ್ತು ಹಿಸುಕಿದಂತಾಗಿ ಮರ ಒಣಗುತ್ತದೆ. ಅದನ್ನು ತಪ್ಪಿಸಲು ಕೆಲವರು ಕಾಂಡದ ಸುತ್ತ ಮರದ ದಿಮ್ಮಿಗಳನ್ನು ಜೋಡಿಸಿ ನಡುವೆ ಉಸಿರಾಡಲು ಜಾಗ ಬಿಡುತ್ತಾರೆ. ಕೆಲವರು ಒಂದೇ ದಪ್ಪ ಬೋಲ್ಟನ್ನು ಕಾಂಡದ ಮೂಲಕ ತೂರಿಸುತ್ತಾರೆ. ಒಂದು ತೂತಿನ ಗಾಯವನ್ನು ಮರ ತಾನೇ ಸುತ್ತುಗಟ್ಟಿ ಮುಚ್ಚಿಕೊಳ್ಳಬಲ್ಲುದು. ಸುತ್ತಲೂ ಬಿಗಿದ ಉರುಳನ್ನು ತಾಳಲಾರದು. ಮರ ಬೆಳೆದಂತೆಲ್ಲ ಈ ಕಟ್ಟುಗಳನ್ನು ಸಡಿಲಿಸಬೇಕು; ಮರದ ವೈದ್ಯರನ್ನು ಕರೆಸಿ ಬೇರು, ಕಾಂಡ, ಕೊಂಬೆಗಳನ್ನು ಪರೀಕ್ಷಿಸಬೇಕು. ಈ ವ್ಯಾಪಾರದಲ್ಲಿ ಮರದ ಆರೋಗ್ಯವೇ ಬಂಡವಾಳ. ಮರ ಸತ್ತರೆ ಅಂಗಡಿ ಮುಚ್ಚಿದಂತೆ.

ಎತ್ತರದಿಂದ ಜಾರುವ ಈ ಉಪಾಯ ನಮಗೆ ತೀರ ಹೊಸತೇನೂ ಅಲ್ಲ. ಶಿರಸಿ, ಸಾಗರಗಳ ಕಡೆಯ ಅಡಕೆ ತೋಟಗಳಲ್ಲಿ ಕೊನೆಗೌಡನು ಮರದ ತುದಿಯಲ್ಲಿ ಕುಳಿತು ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಬಿಡುತ್ತಾನೆ. ಕೆಳಗೆ ಹಗ್ಗದ ತುದಿಯನ್ನು ಎಳೆದು ಹಿಡಿದವನು ಅದನ್ನು ಜೋಪಾನವಾಗಿ ಇಳಿಸಿಕೊಳ್ಳುತ್ತಾನೆ. ಒಂದು ಮರದ ಕೆಲಸ ಮುಗಿಯಿತೆಂದರೆ ಕೆಳಗಿಳಿಯದೆ ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತಾನೆ. ಅಲಾಸ್ಕದ ಪ್ರವಾಸಿ ಹಣ ತೆತ್ತು ಪಡೆಯುವ ಅನುಭವ ನಮ್ಮ ಕೊನೆಗೌಡನಿಗೆ ದಿನದ ಕೂಲಿಯ ಕೆಲಸ.

ಚಪ್ಪರದ ಮೇಲಿನ ಲೋಕ

ಅಟ್ಟಣೆಯ ಮೇಲೆ ತಂಡ ಒಟ್ಟುಗೂಡುವುದನ್ನು ಕಾಯುವಾಗ ಮಾರ್ಗದರ್ಶಿ ಕಾಡಿನ ಕಥೆ ಹೇಳುತ್ತಾನೆ. ಪ್ರವಾಸದ ಸಾರ ಇರುವುದು ಈ ಬಿಡುವಿನಲ್ಲಿ.

ಮರದ ಚಪ್ಪರದ ಬಗ್ಗೆ ವಿಜ್ಞಾನಿಗಳಿಗೆ ತಿಳಿದುದೂ ಇತ್ತೀಚೆಗೆ. 1970ರ ದಶಕದ ಆರಂಭದಲ್ಲಿ ವಿಲಿಯಂ ಡೆನಿಸನ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ಆರೆಗನ್ ಪ್ರಾಂತದಲ್ಲಿ ಪರ್ವತಾರೋಹಿಗಳ ಹಗ್ಗ ಹಿಡಿದು ಮುದಿ ಡಗ್ಲಸ್ ಫರ್ ಮರಗಳನ್ನೇರಿದರು. ಕೊಂಬೆಗಳ ಮೇಲೆ ಬೆಳೆಯುವ ಒಂದು ಜಾತಿಯ ಕಲ್ಲುಹೂವು ಗಾಳಿಯೊಳಗಿನ ಸಾರಜನಕವನ್ನು ಹಿಡಿದು ಕಾಡಿಗೆ ಗೊಬ್ಬರವಾಗಿ ಒದಗಿಸುವುದನ್ನು ಅವರು ತೋರಿಸಿಕೊಟ್ಟರು. ಭಾರತದಿಂದ ವಲಸೆ ಹೋದ ತಂದೆಯ ಮಗಳಾದ ನಳಿನಿ ನಾಡಕರ್ಣಿಯವರು 1981ರಲ್ಲಿ ಇನ್ನೊಂದು ಸೋಜಿಗವನ್ನು ಪ್ರಕಟಿಸಿದರು. ವಾಷಿಂಗ್‌ಟನ್ ಪ್ರಾಂತದ ಒಲಿಂಪಿಕ್ ಪರ್ಯಾಯದ್ವೀಪದ ಮಳೆಕಾಡಿನಲ್ಲಿ ಮೇಪಲ್ ಮರಗಳು ತಮ್ಮ ಕೊಂಬೆಗಳಿಂದಲೇ ಬೇರು ಬಿಟ್ಟು, ಅಲ್ಲಿನ ಹಾವಸೆಯ ಕೆಳಗೆ ಕೂಡಿದ ಮಣ್ಣಿನಿಂದ ಸಾರ ಹೀರುತ್ತವೆ! ನೆಲದಲ್ಲೊಂದು ಬೇರು, ಆಕಾಶದಲ್ಲೊಂದು ಬೇರು. 2015ರಲ್ಲಿ ಹಗ್ಗ ಕೈಕೊಟ್ಟು ಈ ವಿದುಷಿ ಸುಮಾರು 50 ಅಡಿ ಎತ್ತರದಿಂದ ಬಿದ್ದರು. ಹಲವು ಮೂಳೆಗಳು ಮುರಿದರೂ ಬದುಕಿ ಉಳಿದು ಮತ್ತೆ ಕಾಡಿಗೆ ಮರಳಿದರು.

ಈ ಕರಾವಳಿಯ ಮರ್ಬಲ್ಡ್ ಮುರ್ರೆಲೆಟ್ ಎಂಬ ಪುಟ್ಟ ಕಡಲಹಕ್ಕಿಯ ಕಥೆಯಂತೂ ಪತ್ತೇದಾರಿ ಕಥೆಯಷ್ಟೇ ರೋಚಕ. ಹಗಲೆಲ್ಲ ಸಮುದ್ರದಲ್ಲಿ ಮೀನು ಹಿಡಿಯುವ ಇದು ಮೊಟ್ಟೆಯಿಡುವುದು ಎಲ್ಲಿ? ಹಕ್ಕಿಶಾಸ್ತ್ರಜ್ಞರು ಬಂಡೆಗಳಲ್ಲಿ ಹುಡುಕಿದರು, ಬಿಲಗಳಲ್ಲಿ ಹುಡುಕಿದರು. ಗೂಡು ತೋರಿಸಿಕೊಟ್ಟವರಿಗೆ ಬಹುಮಾನ ಸಾರಿದ್ದೂ ಆಯಿತು. ಕಡೆಗೆ 1974ರಲ್ಲಿ ಕ್ಯಾಲಿಫೋರ್ನಿಯದ ಉದ್ಯಾನವೊಂದರಲ್ಲಿ ಕೊಂಬೆ ಕಡಿಯಲು ಮರ ಹತ್ತಿದ ಕೆಲಸಗಾರನೊಬ್ಬನಿಗೆ, ಸುಮಾರು 150 ಅಡಿ ಎತ್ತರದಲ್ಲಿ, ಹಾವಸೆ ಹಾಸಿದ ಕೊಂಬೆಯ ಮೇಲೆ ಕುಳಿತಿದ್ದ ಮರಿ ಸಿಕ್ಕಿತು. ಕೊಂಬೆಯ ಮೇಲೆ ಹಾವಸೆಯ ಮೆತ್ತೆ ಕೂಡುವುದಕ್ಕೆ ಶತಮಾನಗಳೇ ಬೇಕು. ಹಳೆಯ ಮರ ಹೋದರೆ ಈ ಕಡಲಹಕ್ಕಿಗೆ ತೊಟ್ಟಿಲೂ ಹೋಯಿತು. ಟಾಂಗಸ್ ಅರಣ್ಯದ ಮುದಿ ಮರಗಳಲ್ಲಿಯೂ ಈ ಹಕ್ಕಿ ಮರಿಮಾಡುತ್ತದೆ.

ಸಮುದ್ರಕ್ಕೂ ಕಾಡಿಗೂ ಇರುವ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ಬೇಸಗೆಯ ಕೊನೆಯಲ್ಲಿ ಸಾಮನ್ ಮೀನುಗಳು ಕಡಲನ್ನು ಬಿಟ್ಟು, ತಾವು ಹುಟ್ಟಿದ ಹೊಳೆಗಳನ್ನೇ ಹುಡುಕಿಕೊಂಡು ಮೊಟ್ಟೆಯಿಡಲು ಮೇಲೇರಿ ಬರುತ್ತವೆ. ಹೆರಿಂಗ್ ಕೋವಿನ ಹೊಳೆಯಲ್ಲಿ ಕರಿಕರಡಿಗಳು ಅವನ್ನು ಹಿಡಿದು ತಿನ್ನುವುದನ್ನು ಪ್ರವಾಸಿಗಳು ಮೇಲಿನಿಂದ ನೋಡುತ್ತಾರೆ. ಕರಡಿ ಮೀನನ್ನು ಕಾಡಿನೊಳಕ್ಕೆ ಒಯ್ದು, ರುಚಿಯಾದ ಭಾಗವನ್ನು ತಿಂದು ಉಳಿದುದನ್ನು ಮರದ ಬುಡದಲ್ಲಿ ಬಿಟ್ಟು ಹೋಗುತ್ತದೆ. ಅದೇ ಮರಕ್ಕೆ ಗೊಬ್ಬರ. ಇದೇ ಟಾಂಗಸ್ ಅರಣ್ಯದ ಚಿಚಗಾಫ್ ದ್ವೀಪದಲ್ಲಿ ಹೆಲ್‌ಫೀಲ್ಡ್ ಮತ್ತು ನೈಮನ್ ಎಂಬ ವಿಜ್ಞಾನಿಗಳು ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಳೆಯಂಚಿನ ಗಿಡಮರಗಳ ಎಲೆಗಳಲ್ಲಿನ ಸಾರಜನಕದಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲೊಂದು ಪಾಲು ಸಾಮನ್ ಮೀನಿನಿಂದ ಬಂದದ್ದು. ಸಮುದ್ರದ ಮೀನು ಮರದ ನೆತ್ತಿಯನ್ನೇರಿದೆ ಎಂದರೆ ಅತಿಶಯೋಕ್ತಿಯಾಗದು.

ಅದೇ ತಂತಿ, ಬೇರೆ ಕೆಲಸ

ಈ ಕರಾವಳಿಯ ಕಾಡುಗಳಿಗೆ ಉಕ್ಕಿನ ತಂತಿ ಬಂದದ್ದು ಪ್ರವಾಸಿಗಳಿಗಾಗಿ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮರ ಕಡಿಯುವವರು ಇದನ್ನು ಮೊದಲು ತಂದರು. ಕಡಿದುರುಳಿಸಿದ ದಿಮ್ಮಿಗಳನ್ನು ಕಡಿದಾದ ಗುಡ್ಡಗಳಿಂದ ಎಳೆದು ತರುವುದು ಎತ್ತು ಕುದುರೆಗಳಿಂದ ಆಗದ ಕೆಲಸ. ಅದಕ್ಕಾಗಿ ಎಲ್ಲಕ್ಕೂ ಎತ್ತರದ ಮರವೊಂದನ್ನು ಆರಿಸಿ, ಧೀರನಾದ ಕೆಲಸಗಾರನೊಬ್ಬ ಅದನ್ನೇರುತ್ತ ಕೊಂಬೆಗಳನ್ನೆಲ್ಲ ಸವರಿ, ತುದಿಯನ್ನು ಕಡಿದುಹಾಕುತ್ತಿದ್ದ. ತುದಿ ಮುರಿದು ಬೀಳುವಾಗ ಕಾಂಡ ತೊಟ್ಟಿಲಿನಂತೆ ತೂಗುತ್ತಿದ್ದರೆ ಅವನು ಅದನ್ನೇ ಅಪ್ಪಿ ಹಿಡಿದಿರಬೇಕು! ಹೀಗೆ ಬೋಳಾದ ಮರದ ತಲೆಗೆ ರಾಟೆ ಕಟ್ಟಿ, ತಂತಿ ಹಾಯಿಸಿ, ಉಗಿಯಂತ್ರದಿಂದ ಸುತ್ತಲಿನ ದಿಮ್ಮಿಗಳನ್ನು ಎಳೆಯುತ್ತಿದ್ದರು. ಕಾಡೆಲ್ಲ ಮುಗಿದ ಮೇಲೆ ಕೊನೆಗೆ ಆ ಮರದ ಸರದಿ.

ಕೆಚಿಕಾನಿನಲ್ಲಿ ಈ ಉದ್ಯಮ ಭಾರಿಯಾಗಿ ಬೆಳೆದದ್ದು 1954ರಲ್ಲಿ, ಊರಿನ ಉತ್ತರಕ್ಕಿರುವ ವಾರ್ಡ್ ಕೋವ್ ಎಂಬಲ್ಲಿ ಮರದ ತಿರುಳಿನ ಕಾರ್ಖಾನೆ ಆರಂಭವಾದಾಗ. ಸರ್ಕಾರದ ಅರಣ್ಯ ಇಲಾಖೆ ಅದಕ್ಕೆ ಐವತ್ತು ವರ್ಷಗಳ ಮರದ ಕರಾರನ್ನೇ ಬರೆದುಕೊಟ್ಟಿತ್ತು. ನಾಲ್ಕು ಶತಮಾನ ಬೆಳೆದ ಸ್ಪ್ರೂಸು, ಹೆಮ್ಲಾಕುಗಳು ಇಲ್ಲಿ ಅರೆದು ತಿರುಳಾಗಿ, ಹಡಗೇರಿ ಹೋಗಿ, ರೇಯಾನ್ ನೂಲಾಗುತ್ತಿದ್ದವು. ಅಂಥ ನೂಲಿನ ಸೀರೆ ಉಟ್ಟವರಿಗೆ ಅದು ಯಾವ ಕಾಡಿನ ಮರವೆಂಬುದು ತಿಳಿದಿರಲಾರದು. ಕಾರ್ಖಾನೆಯಿಂದ ಊರಿಗೆ ವರ್ಷವಿಡೀ ಸಂಬಳ ಬಂತು, ಮನೆಗಳು ಎದ್ದವು, ಶಾಲೆಗಳು ತುಂಬಿದವು. ಇತ್ತ ಕಾಡು ಗುಡ್ಡಗುಡ್ಡವಾಗಿ ಬೋಳಾಯಿತು, ಖಾರಿಯ ನೀರು ಕೆಟ್ಟಿತು. 1990ರಲ್ಲಿ ಬಂದ ಟಾಂಗಸ್ ಸುಧಾರಣಾ ಕಾನೂನು ಕಡಿತಕ್ಕೆ ಅಂಕೆ ಹಾಕಿತು, ಮಾರುಕಟ್ಟೆಯೂ ಕುಸಿಯಿತು. 1997ರಲ್ಲಿ ಕಾರ್ಖಾನೆ ಮುಚ್ಚಿತು. ನೂರಾರು ಸಂಸಾರಗಳ ಅನ್ನಕ್ಕೆ ಕಲ್ಲು ಬಿದ್ದಿತು.

ಊರು ಆಗ ಕಣ್ಣು ಹೊರಳಿಸಿದ್ದು ಹಡಗಿನ ಪ್ರವಾಸಿಗಳ ಕಡೆಗೆ. ಇಂದು ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿದ ಪ್ರವಾಸಿಗಳು ಈ ಎಂಟು ಸಾವಿರ ಜನರ ಊರಿಗೆ ಬಂದಿಳಿಯುತ್ತಾರೆ. ತಿರುಳಿನ ಕಾರ್ಖಾನೆ ಇದ್ದ ವಾರ್ಡ್ ಕೋವಿನಲ್ಲಿಯೇ 2021ರಲ್ಲಿ ಪ್ರವಾಸಿ ಹಡಗುಗಳಿಗೆ ಹೊಸ ಕಟ್ಟೆ ತೆರೆಯಿತು. ಒಂದು ಕಾಲಕ್ಕೆ ಮರದ ಶವಗಳನ್ನೆಳೆದ ತಂತಿ ಇಂದು ನಿಂತ ಮರಗಳ ನಡುವೆ ಮಕ್ಕಳನ್ನು ಜಾರಿಸುತ್ತಿದೆ. ಹೂನಾ ಎಂಬ ಇನ್ನೊಂದೂರಿನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಕ್ಲಿಂಗಿಟ್ ಜನರ ಒಡೆತನದ ಸಂಸ್ಥೆ 1912ರ ಹಳೆಯ ಮೀನಿನ ಕಾರ್ಖಾನೆಯೊಂದನ್ನು ಪ್ರವಾಸಿ ತಾಣವಾಗಿ ಮಾರ್ಪಡಿಸಿದೆ. ಅಲ್ಲಿ ಬೆಟ್ಟದ ತಲೆಯಿಂದ ಕಡಲಂಚಿನವರೆಗೆ 5,330 ಅಡಿ ಉದ್ದದ ಜಾರುತಂತಿಯಿದೆ. ಗಂಟೆಗೆ ಅರವತ್ತು ಮೈಲಿಯ ವೇಗ!

ಕ್ಲಿಂಗಿಟ್ ಮತ್ತು ಅವರ ನೆರೆಯ ಹೈಡಾ ಜನರಿಗೆ ನಿಂತ ಮರದಿಂದ ಬಾಳುವ ವಿದ್ಯೆ ಹಳೆಯದು. ಬುಟ್ಟಿ, ಚಾಪೆ, ಹಗ್ಗಗಳಿಗೆ ಬೇಕಾದ ನಾರನ್ನು ಅವರು ಸೀಡರ್ ಮರದ ತೊಗಟೆಯಿಂದ ತೆಗೆಯುತ್ತಾರೆ. ಮರವನ್ನು ಕಡಿಯದೆ, ಒಂದು ಮಗ್ಗುಲಿನ ಪಟ್ಟಿಯನ್ನಷ್ಟೇ ಸುಲಿದು, ಉಳಿದ ತೊಗಟೆಯನ್ನು ಮರದ ಬಾಳಿಗೆ ಬಿಡುತ್ತಾರೆ. ಹೀಗೆ ಸುಲಿಸಿಕೊಂಡ ಮರಗಳು ಗಾಯದ ಗುರುತನ್ನು ಹೊತ್ತು ಶತಮಾನಗಳಿಂದ ಬದುಕಿ ನಿಂತಿರುವುದುಂಟು.

ಜೀವದ ಲೆಕ್ಕ

ಈ ವಿನೋದ ಅಪಾಯರಹಿತವೆಂದು ಹೇಳಲಾಗದು. ಅಮೆರಿಕದಲ್ಲಿ ವ್ಯಾಪಾರಿ ಜಾರುತಂತಿಗಳ ಸಂಖ್ಯೆ 2001ರಲ್ಲಿ ಹತ್ತರಷ್ಟಿದ್ದುದು 2012ರ ಹೊತ್ತಿಗೆ ಇನ್ನೂರನ್ನು ಮೀರಿತು. ಶಿಬಿರಗಳವು, ಮನೆಯ ಹಿತ್ತಿಲಿನವು ಸೇರಿದರೆ ಸಾವಿರಾರು. ಅಲ್ಲಿನ ಆಸ್ಪತ್ರೆಗಳ ಲೆಕ್ಕವನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 1997ರಿಂದ 2012ರವರೆಗೆ ಸುಮಾರು 16,850 ಮಂದಿ ಜಾರುತಂತಿಯಿಂದ ಗಾಯಗೊಂಡು ತುರ್ತು ಚಿಕಿತ್ಸೆ ಪಡೆದರು. 2012 ಒಂದರಲ್ಲಿಯೇ ಸುಮಾರು 3,600. ಇವುಗಳಲ್ಲಿ ಹೆಚ್ಚಿನವು ಬಿದ್ದು ಆದ ಗಾಯಗಳು. ಉಳಿದವುಗಳಲ್ಲಿ ಮರಕ್ಕೋ ಕಂಬಕ್ಕೋ ಎದುರಿನವರಿಗೋ ಡಿಕ್ಕಿ ಹೊಡೆದವೂ ಇದ್ದವು. ಆದ್ದರಿಂದಲೇ ಪ್ರತಿದಿನ ಬೆಳಗ್ಗೆ ಪ್ರವಾಸಿಗಳು ಬರುವ ಮುನ್ನ ಮಾರ್ಗದರ್ಶಿಗಳು ತಂತಿ, ರಾಟೆ, ಕೊಂಡಿಗಳೆಲ್ಲವನ್ನೂ ಪರೀಕ್ಷಿಸುವುದು, ತಾವೇ ಮೊದಲು ಜಾರಿ ನೋಡುವುದು ವಾಡಿಕೆ. ಮಳೆಗೆ ಪ್ರವಾಸ ನಿಲ್ಲುವುದಿಲ್ಲ, ನಿಂತರೆ ಕೆಚಿಕಾನಿನಲ್ಲಿ ವ್ಯಾಪಾರವೇ ಇಲ್ಲ. ಆದರೆ ಬಿರುಗಾಳಿಗೂ ಸಿಡಿಲಿಗೂ ನಿಲ್ಲಲೇಬೇಕು. ಅಟ್ಟಣೆಯ ಮೇಲೆ ನಗುನಗುತ್ತ ಮಾತಾಡುವ ಹುಡುಗಿ ಕೊಂಡಿಯನ್ನು ಎರಡು ಬಾರಿ ಎಳೆದು ನೋಡುವಾಗ ನಗುವುದಿಲ್ಲ.

ಊರಿನ ಬಾಳಿಗೂ ಇಂಥದೇ ಅಪಾಯವುಂಟು. ಪ್ರವಾಸದ ಕಾಲ ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಮಾತ್ರ. ಕಾರ್ಖಾನೆ ಕೊಡುತ್ತಿದ್ದಂಥ ವರ್ಷದ ಸಂಬಳ ಇದರಲ್ಲಿಲ್ಲ. 2020ರಲ್ಲಿ ಮಹಾಮಾರಿಯ ದೆಸೆಯಿಂದ ದೊಡ್ಡ ಹಡಗುಗಳು ಬರಲೇ ಇಲ್ಲ. ತಂತಿಗಳು ಸದ್ದಿಲ್ಲದೆ ಜೋತುಬಿದ್ದವು. ಹಡಗುಗಳ ಹೊಗೆ, ಜನರ ನೂಕುನುಗ್ಗಲುಗಳ ಗೋಳು ಬೇರೆ. ಕಾಡಿನ ಹಣೆಬರಹವೂ ಸ್ಥಿರವಲ್ಲ. ರಸ್ತೆಯಿಲ್ಲದ ಅರಣ್ಯಭಾಗಗಳಲ್ಲಿ ಹೊಸ ರಸ್ತೆ, ಮರ ಕಡಿತಗಳು ಕೂಡದೆಂದು 2001ರಲ್ಲಿ ಅಮೆರಿಕ ಸರ್ಕಾರ ನಿಯಮ ಮಾಡಿತು. 2020ರಲ್ಲಿ ಟಾಂಗಸ್ ಅರಣ್ಯವನ್ನು ಆ ನಿಯಮದಿಂದ ಹೊರಗಿಟ್ಟಿತು. 2023ರಲ್ಲಿ ಮತ್ತೆ ಒಳಕ್ಕೆ ತಂದಿತು. 2025ರಲ್ಲಿ ನಿಯಮವನ್ನೇ ರದ್ದುಪಡಿಸುವ ಉದ್ದೇಶವನ್ನು ಸಾರಿತು. ನಾನೂರು ವರ್ಷದ ಮರದ ಆಯುಷ್ಯ ನಾಲ್ಕು ವರ್ಷದ ಸರ್ಕಾರಗಳ ಕೈಯಲ್ಲಿ ಹೀಗೆ ತೂಗುತ್ತಿದೆ.

ದೂರದ ಅಲಾಸ್ಕದ ಈ ಕಥೆಯಲ್ಲಿ ಕನ್ನಡಿಗರಿಗೆ ಪರಿಚಿತವಾದ ಮುಖವೊಂದಿದೆ. 1955ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಗಿ, ಸುತ್ತಣ ಕಾಡಿನ ಬಿದಿರನ್ನು ನೆಚ್ಚಿ ಬೆಳೆದ ದಾಂಡೇಲಿಯಲ್ಲಿಯೂ ಇಂದು ಕಾಳಿಯ ದಂಡೆಗೆ ಪ್ರವಾಸಿಗಳು ಬರುತ್ತಿದ್ದಾರೆ. ಅಲ್ಲಿಯೂ ಜಾರುತಂತಿಗಳು ಬಂದಿವೆ. ಮರ ಬಿದ್ದಾಗ ಬರುವ ಹಣ ದೊಡ್ಡದು, ಆದರೆ ಒಂದೇ ಸಲ ಬರುವಂಥದು. ನಿಂತ ಮರದಿಂದ ಬರುವ ಹಣ ಚಿಕ್ಕದು. ಮರ ಇರುವವರೆಗೂ ಬರುವಂಥದು. ಹಿರಿಯರು ಹಾಲು ಕರೆಯುವ ಹಸುವಿಗೂ ಮಾರಿದ ಹಸುವಿಗೂ ಇರುವ ಅಂತರವನ್ನು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಹಸುವಿನ ಲೆಕ್ಕ ಎಲ್ಲರಿಗೂ ಬೇಗ ತಿಳಿಯಿತು. ಮರದ ಲೆಕ್ಕ ತಿಳಿಯುವುದಕ್ಕೆ ಕೆಚಿಕಾನಿನವರಿಗೆ ನಲವತ್ತಕ್ಕೂ ಹೆಚ್ಚು ವರ್ಷಗಳೂ ಒಂದು ಮುಚ್ಚಿದ ಕಾರ್ಖಾನೆಯೂ ಬೇಕಾದವು. ಅಷ್ಟು ದುಬಾರಿಯ ಶುಲ್ಕ ತೆರದೆಯೇ ಈ ಪಾಠವನ್ನು ಕಲಿಯುವ ಅವಕಾಶ ಉಳಿದ ಊರುಗಳಿಗೆ ಇನ್ನೂ ಇದೆ.